ದುರ್ಗದ ತಪ್ಪಲಿನಲ್ಲಿ ಅಕ್ಕ–ಭಾವನವರ ದಿನಚರಿ

ಗುರುವಾರ

ಚಿಕ್ಕಬಳ್ಳಾಪುರದಿಂದ ದೊಡ್ಡಬಳ್ಳಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಡಾಬಸ್‌ಪೇಟೆಗೆ ಇನ್ನೊಂದು, ಮತ್ತೆ ಊರ್ಡಿಗೆರೆಯ ಕಡೆಗೆ ಮಗದೊಂದು ಹತ್ತಿ, ನಾನೂ ನಮ್ಮ ಮನೆಯವರೂ ಮಧ್ಯಾಹ್ನದ ಊಟದ ಹೊತ್ತಿಗೆ ದೇವರಾಯನದುರ್ಗದ ತಪ್ಪಲು ಸೇರಿದೆವು. ನಮ್ಮ ದೊಡ್ಡಪ್ಪನ ಮಗಳಾದ ಅಕ್ಕನೂ ಭಾವನವರೂ ಪ್ರೌಢಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದವರು. ಆಮೇಲೆ ತುಮಕೂರಿನ ಬಾಡಿಗೆ ಮನೆ ಬಿಟ್ಟು, ಭಾವನವರ ಪಾಲಿಗೆ ಬಂದಿದ್ದ ಹೊಲದಲ್ಲೇ ಮನೆ ಕಟ್ಟಿಕೊಂಡರು. ಬೆಟ್ಟದ ಬುಡದಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದುಕೊಂಡು ಹೊತ್ತು ಹೇಗೆ ಕಳೆಯುತ್ತಾರೆ ಎಂದು ನಮ್ಮ ನೆಂಟರಿಷ್ಟರಲ್ಲಿ ಕೇಳದವರಿಲ್ಲ. ಧನುರ್ಮಾಸದಲ್ಲಿ ರಾಗಿ ಒಕ್ಕಣೆ ಇದೆ, ಬಂದು ನಾಲ್ಕು ದಿನ ಇದ್ದು ಹೋಗಿ ಎಂದು ಅಕ್ಕ ಕರೆದಾಗ, ಆ ಪ್ರಶ್ನೆಗೆ ಉತ್ತರವನ್ನು ಕಣ್ಣಾರೆ ಕಾಣುವ ಆಸೆಯಿಂದಲೇ ನಾನು ಹೊರಟೆ.

ಮನೆ ಚಿಕ್ಕದು. ಮುಂದೆ ಜಗಲಿ, ಒಳಗೆ ನಡುಮನೆ, ಎರಡು ಕೋಣೆ, ಅಡುಗೆಮನೆ. ಹಿಂದೆ ಹಂಡೆ ಹೂಡಿದ ಬಚ್ಚಲು, ಅದಕ್ಕೆ ಹೊಂದಿಕೊಂಡು ಒಂದು ಹಸು, ಒಂದು ಕರುವಿನ ಕೊಟ್ಟಿಗೆ. ಹೊಲದ ಸುತ್ತ ಕಲ್ಲುಚಪ್ಪಡಿ ನೆಟ್ಟಿದ್ದಾರೆ. ಹಿತ್ತಿಲಿನ ಚಪ್ಪಡಿ ಸಾಲು ಮುಗಿದಲ್ಲಿಗೆ ಹೊಲವೂ ಮುಗಿಯುತ್ತದೆ. ಅಲ್ಲಿಂದಾಚೆಗೆ ಕುರುಚಲು ಕಾಡು, ಬಾದೆಹುಲ್ಲು, ಒಂದರ ಮೇಲೊಂದು ಕೂತ ಬಂಡೆಗಳು. ಈ ಕಾಡಿನಲ್ಲಿ ಚಿರತೆಯೂ ಕರಡಿಯೂ ಇರುವುದರಿಂದ, ದೀಪ ಹಚ್ಚುವ ಹೊತ್ತಿಗೆ ನಾಯಿಯನ್ನು ಒಳಗೆ ಕರೆದುಕೊಂಡು, ಕೊಟ್ಟಿಗೆಯ ಬಾಗಿಲಿಗೆ ಅಗಣಿ ಹಾಕುವುದು ಇಲ್ಲಿ ತಪ್ಪದ ನಿಯಮ.

ಅಂಗಳದ ನಡುವೆ, ಮರದ ಹನಿಯಾಗಲಿ ಹೆಂಚಿನ ನೀರಾಗಲಿ ಸಿಡಿಯದಷ್ಟು ದೂರದಲ್ಲಿ, ಒಂದು ಮಳೆಮಾಪಕವಿದೆ. ಅದು ಅಕ್ಕನದು. ಊಟವಾದ ಮೇಲೆ ಅವಳು ಮೊದಲು ತೋರಿಸಿದ್ದು ಅದರ ಲೆಕ್ಕದ ಪುಸ್ತಕವನ್ನು. ಉದ್ದನೆಯ ಲೆಡ್ಜರ್, ಒಂದೊಂದು ಪುಟದಲ್ಲೂ ತಾರೀಖು, ಮಳೆ ನಕ್ಷತ್ರ, ಮಿಲಿಮೀಟರ್, ಷರಾ ಎಂದು ನಾಲ್ಕು ಕಲಂ. ನಮ್ಮ ರೈತರು ಮಳೆಯನ್ನು ತಿಂಗಳ ಹೆಸರಿನಿಂದ ಕರೆಯುವುದಿಲ್ಲ. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳ ಮಳೆಗೆ ಆ ನಕ್ಷತ್ರದ ಹೆಸರೇ ಹೆಸರು: ಭರಣಿ, ಕೃತ್ತಿಕೆ, ರೋಹಿಣಿ ಎಂದು ಮೊದಲಾಗಿ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳವರೆಗೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಗಾದೆ ಹೇಳುವವರು ಊರಿಗೆ ನೂರು ಮಂದಿ ಇದ್ದಾರೆ. ಭರಣಿಯಲ್ಲಿ ಎಷ್ಟು ಬಿತ್ತು ಎಂದು ಅಳೆದು ಬರೆದವರನ್ನು ನಾನು ಕಂಡದ್ದು ಈ ಮನೆಯಲ್ಲೇ. ಹವಾಮಾನ ಇಲಾಖೆಯವರು ದೇಶದ ಎಲ್ಲ ಕಡೆಯೂ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆಯುತ್ತಾರಂತೆ. ಅವರ ಅಂಕಿಯೊಂದಿಗೆ ತನ್ನ ಅಂಕಿಯನ್ನು ತಾಳೆ ನೋಡಲು ಬರಬೇಕೆಂದು ಅಕ್ಕನೂ ಅದೇ ಹೊತ್ತನ್ನು ಹಿಡಿದಿದ್ದಾಳೆ. ಮಳೆ ಇಲ್ಲದ ದಿನ ಸೊನ್ನೆ ಬರೆಯುತ್ತಾಳೆ. ಅಳತೆಗೆ ಸಿಗದಷ್ಟು ತುಂತುರು ಬಿದ್ದಿದ್ದರೆ ಮಿಲಿಮೀಟರಿನ ಕಲಮಿನಲ್ಲಿ ‘ಹನಿ’ ಎಂದು ಬರೆಯುತ್ತಾಳೆ.

“ಖಾಲಿ ಬಿಡಬಾರದು ಕಣೇ. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ ನಾನು ನೋಡಲಿಲ್ಲವೋ ಅಂತ ಆಮೇಲೆ ಹೇಗೆ ಗೊತ್ತಾಗಬೇಕು?” ಎಂದಳು.

ಇದರ ಉಪಯೋಗ ಮನೆಯ ನೀರಿಗೂ ಉಂಟು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹಾಗಾಗಿ ಸಾವಿರ ಚದರ ಅಡಿಯ ಹೆಂಚಿನ ಮೇಲೆ ಹತ್ತು ಮಿಲಿಮೀಟರ್ ಬಿದ್ದರೆ ಸುಮಾರು 930 ಲೀಟರ್ ಸೂರಿನ ದೋಣಿಗೆ ಹರಿದು ಬರಬೇಕು. ಅದಕ್ಕಿಂತ ತೀರ ಕಡಿಮೆ ನೀರು ತೊಟ್ಟಿಗೆ ಬಂದರೆ, ದೋಣಿಯಲ್ಲಿ ಎಲೆ ಕಟ್ಟಿದೆ ಎಂದು ಅಕ್ಕನಿಗೆ ಮನೆಯೊಳಗೆ ಕೂತೇ ತಿಳಿಯುತ್ತದೆ. ಆಗ ಏಣಿ ಹತ್ತುವುದು ಭಾವನವರ ಪಾಲಿನ ಕೆಲಸ.

ಶುಕ್ರವಾರ

ಶುಕ್ರವಾರ ಭಾವನವರ ಹಕ್ಕಿ ಎಣಿಕೆಯ ದಿನ. ಅವರು ವಾರಕ್ಕೊಮ್ಮೆ ಒಂದೇ ದಾರಿಯಲ್ಲಿ, ಒಂದೇ ಹೊತ್ತಿನಲ್ಲಿ ನಡೆದು, ಕಂಡ ಹಕ್ಕಿಗಳನ್ನೂ ಕೇಳಿಸಿದ ಹಕ್ಕಿಗಳನ್ನೂ ಎಣಿಸಿ ಬರೆಯುತ್ತಾರೆ. ನಾವಿಬ್ಬರೂ ಜೊತೆಯಲ್ಲಿ ಬರುತ್ತೇವೆಂದು ಆ ದಿನ ನಡಿಗೆಯನ್ನು ಬೆಟ್ಟದ ಮೇಲಿನವರೆಗೂ ಚಾಚಿದರು. ಕತ್ತಲಿರುವಾಗಲೇ ಅಕ್ಕ ಹಂಡೆಗೆ ತೆಂಗಿನ ಗರಿ ಉರಿ ಹಾಕಿದ್ದಳು. ಸ್ನಾನ ಮುಗಿಸಿ, ಮಂಜಿನಲ್ಲೇ ಭೋಗನರಸಿಂಹನ ಗುಡಿಗೆ ಬಂದು, ಧನುರ್ಮಾಸದ ಪೂಜೆಯ ಹುಗ್ಗಿ ಪ್ರಸಾದ ಪಡೆದು, ಅಲ್ಲಿಂದ ಮೇಲಿನ ಯೋಗನರಸಿಂಹನ ಗುಡಿಯತ್ತ ಹೊರಟೆವು.

ಸುಮಾರು 3,940 ಅಡಿ ಎತ್ತರದ ಈ ಬೆಟ್ಟಕ್ಕೆ ಕರಿಗಿರಿ ಎಂಬ ಹೆಸರೂ ಇದೆ. ಪಾಳೆಯಗಾರ ಜಡಕನ ಹೆಸರಿನಲ್ಲಿ ಜಡಕನದುರ್ಗವೆನಿಸಿದ್ದ ಕೋಟೆಯನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡ ಮೇಲೆ ಅದು ದೇವರಾಯನದುರ್ಗವಾಯಿತು. ಕೋಟೆಯ ಬಾಗಿಲುಗಳನ್ನು ದಾಟುತ್ತ ಭಾವನವರು ಇದನ್ನೆಲ್ಲ ಎರಡು ಮಾತಿನಲ್ಲಿ ಹೇಳಿ ಮುಗಿಸಿದರು, ಏಕೆಂದರೆ ಅವರ ಗಮನವೆಲ್ಲ ಬಂಡೆಗಳ ಕಡೆಗೇ ಇತ್ತು.

ಅವರು ಹುಡುಕುತ್ತಿದ್ದದ್ದು ಹಳದಿ ಕೊರಳಿನ ಪಿಕಳಾರವನ್ನು. ಪಿಕಳಾರಗಳು ನಮಗೆ ಹೊಸವಲ್ಲ. ತಲೆಯ ಮೇಲೆ ಚೊಟ್ಟಿ ಇರುವ ಕೆಮ್ಮೀಸೆ ಪಿಕಳಾರ ಎಲ್ಲರ ಹಿತ್ತಿಲಿಗೂ ಬರುತ್ತದೆ. ಆದರೆ ಈ ಹಳದಿ ಕೊರಳಿನದು ಪ್ರಪಂಚದಲ್ಲಿ ದಕ್ಷಿಣ ಭಾರತವನ್ನು ಬಿಟ್ಟು ಬೇರೆಲ್ಲೂ ಇಲ್ಲ. ಇಲ್ಲಿಯೂ ಎಲ್ಲ ಕಡೆ ಕಾಣುವುದಿಲ್ಲ. ಕರ್ನಾಟಕ, ಆಂಧ್ರ, ತಮಿಳುನಾಡು ಮೊದಲಾದ ಕಡೆ ಹೆಬ್ಬಂಡೆಗಳ ಗುಡ್ಡವೂ ಅದರ ಸಂದಿಯಲ್ಲಿ ಕುರುಚಲು ಕಾಡೂ ಒಟ್ಟಿಗೆ ಇರುವ ಜಾಗಗಳಲ್ಲಿ ಮಾತ್ರ ಅದು ಬದುಕುತ್ತದೆ. ನಮ್ಮ ನಂದಿಬೆಟ್ಟದಲ್ಲೂ ಇದೆ. ಅಂಥ ಗುಡ್ಡಗಳನ್ನೇ ಕಲ್ಲು ಗಣಿಗಾರಿಕೆ ತಿನ್ನುತ್ತಿರುವುದರಿಂದ ಮತ್ತು ಬೇಸಿಗೆಯ ಕಾಳ್ಗಿಚ್ಚು ಕುರುಚಲನ್ನು ಸುಡುವುದರಿಂದ, ಅಳಿವಿನ ಭೀತಿಯಲ್ಲಿರುವ ಹಕ್ಕಿಗಳ ಪಟ್ಟಿಗೆ ಅದು ಸೇರಿದೆ.

ಮಂಜು ಹರಿದು ಎಳೆ ಬಿಸಿಲು ಬಂಡೆಗೆ ತಾಗಿದಾಗ, ಕಲ್ಲಿನ ಸೀಳಿನಲ್ಲಿ ಬೇರಿಳಿಸಿದ ಅತ್ತಿಯ ಜಾತಿಯ ಒಂದು ಮರದಲ್ಲಿ ಭಾವನವರು ಅದನ್ನು ಕಂಡರು. ಕೈ ಎತ್ತಿ ತೋರಿಸಲಿಲ್ಲ. ಎಡಕ್ಕೆ ಬಾಗಿದ ಕೊಂಬೆ, ಅದರ ತುದಿಯಿಂದ ಎರಡನೆಯ ಕವಲು ಎಂದು ಪಿಸುದನಿಯಲ್ಲಿ ಹೇಳಿದರು. ದುರ್ಬೀನು ಹಿಡಿದಾಗ ಸ್ಪಷ್ಟವಾಗಿ ಕಂಡಿತು. ಚೊಟ್ಟಿ ಇಲ್ಲದ ನುಣುಪು ತಲೆ, ಬೂದಿಗೆ ಹಸಿರು ಕಲಸಿದಂಥ ಮೈ, ಗಲ್ಲದಿಂದ ಕೊರಳಿನವರೆಗೆ ಅಚ್ಚ ಹಳದಿ, ಬಾಲದ ಬುಡದ ಕೆಳಗೆ ಮತ್ತೆ ಅದೇ ಹಳದಿ. ಹಣ್ಣೊಂದನ್ನು ಕಿತ್ತು, ಕೊಕ್ಕಿನಲ್ಲಿ ತಿರುವಿ ತಿರುವಿ ನುಂಗಿ, ಬಾಲ ಬಿಚ್ಚಿದಾಗ ಗರಿಗಳ ತುದಿ ಬೆಳ್ಳಗೆ ಮಿನುಗಿತು. ಜೊತೆಯ ಇನ್ನೊಂದು ಹಕ್ಕಿ ಕೆಳಗಿನ ಪೊದೆಯಿಂದ ಕೂಗಿತು. ಇದು ಹಾರಿ ಅಲ್ಲಿಗೇ ಹೋಯಿತು. ನಮ್ಮ ಮನೆಯವರು, ಫೋನಿನಲ್ಲಿ ಅದರ ಕೂಗು ಹಾಕಿದರೆ ಮತ್ತೆ ಹೊರಗೆ ಬಂದೀತೇ ಎಂದು ಕೇಳಿದರು.

“ಬರುತ್ತದೆ ಸ್ವಾಮಿ, ಆದರೆ ಹಾಕಬಾರದು. ತನ್ನ ಜಾಗಕ್ಕೆ ಬೇರೆ ಹಕ್ಕಿ ನುಗ್ಗಿದೆ ಅಂತ ತಿಳಿದು, ಮೇಯುವುದು ಬಿಟ್ಟು ಜಗಳಕ್ಕೆ ಬರುತ್ತದೆ. ಅದಕ್ಕೆ ಅದರದೇ ಕೆಲಸ ಬೇಕಾದಷ್ಟಿದೆ,” ಎಂದರು ಭಾವನವರು. ಇಪ್ಪತ್ತು ನಿಮಿಷ ಸುಮ್ಮನೆ ಕುಳಿತ ಮೇಲೆ ಎರಡೂ ತಾವಾಗಿಯೇ ಅದೇ ಮರಕ್ಕೆ ಮರಳಿದವು. ಭಾವನವರ ಪುಸ್ತಕದಲ್ಲಿ ಆ ದಿನದ ಸಾಲು ಹೀಗಿದೆ: ‘ಹಳದಿ ಕೊರಳು 2, ಬಂಡೆ ಮೇಲಿನ ಅತ್ತಿ, ಹಣ್ಣು ಮೇವು, 7.10.’

ತುದಿಯಲ್ಲಿ ನಿಂತಾಗ ದಕ್ಷಿಣಕ್ಕೆ ಶಿವಗಂಗೆಯ ಕೊಂಬು ಕಂಡಿತು. ಉತ್ತರದ ಗುಡ್ಡಗಳ ಸಾಲು ಮಂಜಿನಲ್ಲಿ ಅರ್ಧ ಮುಚ್ಚಿತ್ತು. ಈ ಒಂದೇ ಬೆಟ್ಟದ ಸೀಮೆಯಲ್ಲಿ ಎರಡು ನದಿಗಳು ಹುಟ್ಟುತ್ತವೆ. ಜಯಮಂಗಲಿ ಉತ್ತರಕ್ಕೆ ಹರಿದು, ಕೊರಟಗೆರೆ ಮಧುಗಿರಿಗಳ ಸೀಮೆಯನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿಂಷಾ ದಕ್ಷಿಣಕ್ಕೆ ಹರಿದು, ಮಾರ್ಕೋನಹಳ್ಳಿಯ ಜಲಾಶಯದಲ್ಲಿ ನಿಂತು ಮುಂದೆ ಹೋಗಿ ಕಾವೇರಿಯನ್ನು ಸೇರುತ್ತದೆ. ಬೆಟ್ಟದ ನೆತ್ತಿಯಲ್ಲಿ ಬಿದ್ದ ಹನಿ ಯಾವ ಇಳಿಜಾರನ್ನು ಹಿಡಿಯಿತೆಂಬುದರ ಮೇಲೆ ಅದು ಆಂಧ್ರದ ಹೊಲಕ್ಕೋ ಕಾವೇರಿಯ ಕಾಲುವೆಗೋ ಎಂಬುದು ನಿಶ್ಚಯವಾಗುತ್ತದೆ. ಅಕ್ಕನ ಅಂಗಳದ ಮಾಪಕದಲ್ಲಿ ನಿಲ್ಲುವ ನೀರು ಇಂಥ ಗಡಿಯ ಮೇಲಿನ ನೀರು ಎಂದು ತಿಳಿದ ಮೇಲೆ, ಅವಳ ಲೆಡ್ಜರಿನ ಸೊನ್ನೆಗಳ ಬಗ್ಗೆಯೂ ನನಗೆ ಗೌರವ ಹೆಚ್ಚಿತು.

ಸಂಜೆ ಹಿಂದಿನ ರಾತ್ರಿ ನೆನೆಹಾಕಿದ್ದ ಅವರೆಕಾಳಿನ ಪಾತ್ರೆಯನ್ನು ನಡುಮನೆಗೆ ತಂದಿಟ್ಟು ನಾಲ್ವರೂ ಸುತ್ತ ಕುಳಿತೆವು. ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿದುಕಿದರೆ ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಪುಟಕ್ಕನೆ ಬಟ್ಟಲಿಗೆ ಹಾರುತ್ತದೆ. ಮಂಜು ಬಿದ್ದ ಅವರೆಗೆ ಸೊಗಡು ಹೆಚ್ಚು. ಕೈಗೆ ಹತ್ತಿದ ಆ ಸೊಗಡು ಸೋಪು ಹಾಕಿ ತೊಳೆದರೂ ಮಲಗುವವರೆಗೆ ಬಿಡಲಿಲ್ಲ. ಬೆಳಗಿನ ಹಕ್ಕಿಯ ಪಟ್ಟಿಯನ್ನು ಭಾವನವರು ಓದುತ್ತಿದ್ದರು, ಅಕ್ಕ ಮೇಲೆ ನೋಡದೆ ಹಿದುಕುತ್ತಲೇ, “ನೀಲಿ ಬಂಡೆಸಿಳ್ಳಾರ ಇವತ್ತೂ ಕಾಣಲಿಲ್ಲವೇನ್ರೀ?” ಎಂದು ಕೇಳುತ್ತಿದ್ದಳು. ಚಳಿಗಾಲಕ್ಕೆ ಮಾತ್ರ ಉತ್ತರದಿಂದ ಬರುವ ಆ ಹಕ್ಕಿ ಈ ಸಲ ಇನ್ನೂ ಪುಸ್ತಕಕ್ಕೆ ಹತ್ತಿರಲಿಲ್ಲ. ರಾತ್ರಿಗೆ ಹಿದುಕಿದ ಬೇಳೆಯ ಸಾರು, ಬಿಸಿ ಮುದ್ದೆ.

ಶನಿವಾರ

ಈ ಮನೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಜೇನು. ಹೊಲದ ಪೂರ್ವದ ಅಂಚಿನಲ್ಲಿ, ಬೆಳಗಿನ ಬಿಸಿಲು ಬೀಳುವ ಮಧ್ಯಾಹ್ನ ನೆರಳಾಗುವ ಜಾಗದಲ್ಲಿ, ಕಬ್ಬಿಣದ ಕಾಲಿನ ಮೇಲೆ ಅಕ್ಕನ ತುಡುವೆ ಜೇನಿನ ಪೆಟ್ಟಿಗೆಗಳಿವೆ. ಇರುವೆ ಹತ್ತದಂತೆ ಒಂದೊಂದು ಕಾಲಿಗೂ ನೀರಿನ ಬಟ್ಟಲು. ಪೆಟ್ಟಿಗೆಯ ತಳದಲ್ಲಿ ಅಡಿಮಣೆ, ಅದರ ಮೇಲೆ ರಾಣಿ ಮೊಟ್ಟೆಯಿಟ್ಟು ಮರಿಗಳು ಬೆಳೆಯುವ ಸಂಸಾರ ಕೋಣೆ, ಅದರ ಮೇಲೆ ಜೇನು ಕೋಣೆ, ಮೇಲೊಂದು ಮುಚ್ಚಳ.

ಬಿಸಿಲು ಸ್ವಲ್ಪ ಏರಿ ಹುಳುಗಳು ಮೇವಿಗೆ ಹೊರಟ ಮೇಲೆ ಅಕ್ಕ ಕೆಲಸಕ್ಕೆ ಇಳಿದಳು. ತಿದಿಯಲ್ಲಿ ತೆಂಗಿನ ನಾರು ಹೊತ್ತಿಸಿ, ಬಾಗಿಲಿನ ಹತ್ತಿರ ಎರಡೇ ಉಸಿರು ಹೊಗೆ ಹಾಕಿ, ಮುಚ್ಚಳವನ್ನು ಎತ್ತಿ ಪಕ್ಕಕ್ಕಿಟ್ಟಳು. ಕೈಗೆ ಗವಸು ಹಾಕಲಿಲ್ಲ. ಗವಸಿನ ಕೈಗೆ ಹುಳು ಜಜ್ಜಿದ್ದು ತಿಳಿಯುವುದಿಲ್ಲ, ಒಂದು ಹುಳು ಜಜ್ಜಿದರೆ ಅದರ ವಾಸನೆಗೆ ಉಳಿದವೂ ಸಿಟ್ಟಾಗುತ್ತವೆ ಎಂದಳು. ಸಂಸಾರ ಕೋಣೆಯಿಂದ ಒಂದು ಚೌಕಟ್ಟನ್ನು ಎರಡೂ ಕೈಯಲ್ಲಿ ನೇರಕ್ಕೆ ಎತ್ತಿ, ಬಿಸಿಲಿಗೆ ಬೆನ್ನು ಮಾಡಿ, ನನ್ನನ್ನು ಹತ್ತಿರ ಕರೆದಳು. ಮೇಣದ ಎರಿಯ ಮೇಲೆಲ್ಲ ಹುಳುಗಳು ಒತ್ತೊತ್ತಾಗಿ ಹರಿದಾಡುತ್ತಿದ್ದವು. ಅವಳು ಊದಿದೊಡನೆ ಅವು ಅಷ್ಟು ಸರಿದು ಕೋಶಗಳ ತಳ ಕಂಡಿತು. ಒಂದೊಂದರ ತಳದಲ್ಲೂ ದಾರದ ತುಣುಕಿನಷ್ಟು ಸಣ್ಣ, ಬಿಳಿಯ, ನೆಟ್ಟಗೆ ನಿಂತ ಮೊಟ್ಟೆ.

“ರಾಣಿಯನ್ನು ಹುಡುಕಬೇಕಿಲ್ಲ ನೋಡು. ಮೊಟ್ಟೆ ಮೂರು ದಿನಕ್ಕೆ ಒಡೆದು ಮರಿಹುಳು ಆಗುತ್ತದೆ. ಮೊಟ್ಟೆ ಇದೆ ಅಂದರೆ ಮೂರು ದಿನದೊಳಗೆ ರಾಣಿ ಇಲ್ಲಿ ಓಡಾಡಿದ್ದಾಳೆ ಅಂತ ಅರ್ಥ,” ಎಂದಳು.

ಮೇಲಿನ ಕೋಣೆಯಲ್ಲಿ ಎರಿಗಳು ಅರ್ಧಕ್ಕೆ ತುಂಬಿದ್ದವು. ಕೆಲವು ಕೋಶಗಳಿಗೆ ಮೇಣದ ಮುಚ್ಚಳ ಬಿದ್ದಿತ್ತು. ಹೆಚ್ಚಿನವು ಇನ್ನೂ ತೆರೆದೇ ಇದ್ದವು. ಜೇನುತುಪ್ಪದಲ್ಲಿ ನೀರಿನ ಅಂಶ ಸಾಕಷ್ಟು ಆರಿದ ಮೇಲೆಯೇ ಹುಳುಗಳು ಮುಚ್ಚಳ ಹಾಕುವುದು. ಅದಕ್ಕೆ ಮೊದಲೇ ತೆಗೆದರೆ ತುಪ್ಪ ಹುಳಿಯುತ್ತದೆ. ಈಗ ತೆಗೆಯುವುದಿಲ್ಲವೆಂದು ಅಕ್ಕ ಹೇಳಿದಳು. ಹುಚ್ಚೆಳ್ಳಿನ ಹೂವು ಮುಗಿದಿದೆ, ಅವರೆ ಹೂವು ಮುಗಿಯುತ್ತ ಬಂದಿದೆ, ಹೊಂಗೆ ಅರಳಲು ಇನ್ನೂ ತಿಂಗಳುಗಳಿವೆ. ಇರುವುದನ್ನು ಬಿಟ್ಟರೆ ಹುಳುಗಳು ಅದನ್ನೇ ಉಂಡು ದಾಟಿಕೊಳ್ಳುತ್ತವೆ, ಕಿತ್ತುಕೊಂಡರೆ ಸಕ್ಕರೆ ಪಾಕ ಕೊಟ್ಟು ಸಾಕಬೇಕಾಗುತ್ತದೆ. ಹೊಂಗೆಯ ಕಾಲಕ್ಕೆ ಎರಿಯನ್ನು ಹಿಂಡದೆ, ಯಂತ್ರದಲ್ಲಿ ತಿರುಗಿಸಿ ತುಪ್ಪ ತೆಗೆದು, ಖಾಲಿ ಎರಿಯನ್ನು ಅವಕ್ಕೇ ಹಿಂದಿರುಗಿಸುತ್ತಾಳೆ. ಮಾರಾಟವಿಲ್ಲ. ಬಂದಷ್ಟನ್ನೂ ನೆಂಟರಿಗೆ, ಊರಿನ ಬಾಣಂತಿಯರಿಗೆ, ಕೆಮ್ಮಿನ ಮಕ್ಕಳಿಗೆ ಕೊಡುತ್ತಾಳೆ.

1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ತಗುಲಿದಾಗ ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಮರಿಹುಳುಗಳು ಕೋಶದಲ್ಲೇ ನೀರು ತುಂಬಿದ ಚೀಲದಂತಾಗಿ ಸಾಯುವ ರೋಗವದು. ಅಕ್ಕನಿಗೆ ಜೇನು ಕಲಿಸಿದ ಊರಿನ ಹಿರಿಯರು ಆ ಕಾಲದಲ್ಲಿ ಇದ್ದಬದ್ದ ಪೆಟ್ಟಿಗೆಗಳನ್ನೆಲ್ಲ ಕಳೆದುಕೊಂಡು, ಬದುಕಿ ಉಳಿದ ಕಾಡಿನ ಕುಟುಂಬಗಳಿಂದ ಮತ್ತೆ ಶುರುಮಾಡಿದವರಂತೆ. ಈಗಲೂ ಅಕ್ಕ ಒಂದು ಪೆಟ್ಟಿಗೆ ನೋಡಿ ಇನ್ನೊಂದಕ್ಕೆ ಹೋಗುವ ಮುನ್ನ ಕೈಯನ್ನೂ ಎರಿ ಕೀಳುವ ಕಬ್ಬಿಣವನ್ನೂ ತೊಳೆಯುವುದು ಆ ಹಿರಿಯರು ಕಲಿಸಿದ ಪಾಠ.

ಪೆಟ್ಟಿಗೆಗಳನ್ನು ಮಾಡುವವರು ಭಾವನವರು. ಕೊಟ್ಟಿಗೆಯ ಪಕ್ಕದ ತಗಡಿನ ಚಪ್ಪರವೇ ಅವರ ಮರಗೆಲಸದ ಮನೆ. ಹಳೆಯ ಬಾಗಿಲು ಕಿಟಕಿಗಳ ತೇಗದ ಹಲಗೆಯನ್ನು ಊರೂರಿನಿಂದ ತಂದು ಕೂಡಿಟ್ಟಿದ್ದಾರೆ. ಚೌಕಟ್ಟಿಗೂ ಪೆಟ್ಟಿಗೆಯ ಗೋಡೆಗೂ ನಡುವೆ ಏಳೆಂಟು ಮಿಲಿಮೀಟರ್ ಸಂದು ಇರಬೇಕು. ಹೆಚ್ಚಾದರೆ ಹುಳುಗಳು ಅಲ್ಲಿಯೂ ಎರಿ ಕಟ್ಟಿ ಚೌಕಟ್ಟನ್ನು ಗೋಡೆಗೆ ಅಂಟಿಸಿಬಿಡುತ್ತವೆ. ಕಡಿಮೆಯಾದರೆ ಓಡಾಡಲು ಆಗುವುದಿಲ್ಲ. ಮೊದಮೊದಲು ಪೆಟ್ಟಿಗೆಯನ್ನು ಪೇಟೆಯಿಂದ ತರುತ್ತಿದ್ದರು, ಸಂದು ಸರಿಯಿಲ್ಲವೆಂದು ಅಕ್ಕ ಬೇಸರಪಡುವುದನ್ನು ನೋಡಿ ಭಾವನವರು ಉಳಿ, ತೋಪಡಾ ಹಿಡಿದರಂತೆ. ಅವರು ಅಳತೆ ಪಟ್ಟಿಯನ್ನು ಮೂರು ಸಲ ಇಟ್ಟು ನೋಡಿ ಒಂದು ಸಲ ಗರಗಸ ಎಳೆಯುವುದನ್ನು ನೋಡುತ್ತ ನಮ್ಮ ಮನೆಯವರು ಮಧ್ಯಾಹ್ನವೆಲ್ಲ ಅಲ್ಲೇ ಕುಳಿತರು. ಸಂಜೆಯ ಹೊತ್ತಿಗೆ ಉಪ್ಪುಕಾಗದ ಹಿಡಿದು ಅಂಚು ಉಜ್ಜುತ್ತಿದ್ದರು.

ರಾತ್ರಿ ಊರಿನ ಆಂಜನೇಯನ ಗುಡಿಯಲ್ಲಿ ಶನಿವಾರದ ಭಜನೆ. ಭಾವನವರು ಹಾರ್ಮೋನಿಯಂ, ಅಕ್ಕ ತಾಳ. ತತ್ವಪದಗಳನ್ನು ಹಾಡಿದರು, ಕಡಲೆಪುರಿ ಹಂಚಿದರು, ಒಂಬತ್ತಕ್ಕೆ ಮುಗಿಯಿತು.

ಭಾನುವಾರ

ಭಾನುವಾರ ಅಕ್ಕ–ಭಾವನವರು ಬೆಟ್ಟದ ಕಡೆ ಹೋಗುವುದಿಲ್ಲ. ಬೆಂಗಳೂರಿನ ಬೈಕುಗಳೂ ಕಾರುಗಳೂ ಬೆಳಿಗ್ಗೆಯಿಂದಲೇ ಮೇಲೇರುತ್ತವೆ. ಬರುವವರು ಬರಲಿ, ನರಸಿಂಹಸ್ವಾಮಿ ಎಲ್ಲರಿಗೂ ಸೇರಿದವನು. ಆದರೆ ದಾರಿಯುದ್ದಕ್ಕೂ ಕೋತಿಗಳಿಗೆ ಚಿಪ್ಸು, ಬಿಸ್ಕತ್ತು ಎಸೆಯುವುದನ್ನು ಮಾತ್ರ ಬಿಡಬೇಕು. ಕಾಡಿನ ಹಣ್ಣು ತಿಂದುಕೊಂಡಿದ್ದ ಕೋತಿಗಳು ರಸ್ತೆಗೆ ಅಂಟಿಕೊಂಡು, ಜನ ಬಾರದ ದಿನಗಳಲ್ಲಿ ತಪ್ಪಲಿನ ಹೊಲಗಳಿಗೆ ನುಗ್ಗುತ್ತವೆ. ಅಕ್ಕ ಟೊಮೆಟೊ, ಬದನೆ ಹಾಕುವುದನ್ನೇ ನಿಲ್ಲಿಸಿದ್ದಾಳೆ. ಈಗ ಹಿತ್ತಿಲಿನಲ್ಲಿರುವುದು ದಂಟು, ಹರಿವೆ, ಮೆಂತ್ಯ ಮತ್ತು ಕೋತಿ ಮುಟ್ಟದ ಹಸಿಮೆಣಸಿನಕಾಯಿ.

ಮಧ್ಯಾಹ್ನ ಜಗಲಿಯಲ್ಲಿ ಎರಡೂ ಪುಸ್ತಕಗಳನ್ನು ಅಕ್ಕಪಕ್ಕ ಬಿಚ್ಚಿಟ್ಟುಕೊಂಡು ಇಬ್ಬರೂ ಕುಳಿತರು. ಇದು ಅವರ ಭಾನುವಾರದ ರೂಢಿ. ವಾರದ ಮಳೆಯನ್ನು ಭಾವನವರು ತಮ್ಮ ಹಕ್ಕಿ ಪುಸ್ತಕದ ಅಂಚಿಗೆ, ವಾರದ ಹಕ್ಕಿಯನ್ನು ಅಕ್ಕ ತನ್ನ ಷರಾ ಕಲಮಿಗೆ ಬರೆದುಕೊಳ್ಳುತ್ತಾರೆ. ಅರಳಿದ ಹೂವು ಎರಡರಲ್ಲೂ ಸೇರುತ್ತದೆ. ಹಾಗೆ ಬರೆದುದರಿಂದಲೇ ಅವರಿಗೆ ಕೆಲವು ಸಂಗತಿ ತಿಳಿದವು. ಹುಬ್ಬೆ, ಉತ್ತರೆ ಮಳೆ ಕೈಕೊಟ್ಟ ವರ್ಷಗಳಲ್ಲಿ ಬಂಡೆಯ ಮೇಲಿನ ಪೊದೆಗಳಲ್ಲಿ ಹಣ್ಣು ಕಡಿಮೆಯಾಗಿ, ಹಳದಿ ಕೊರಳಿನ ಪಿಕಳಾರ ಇವರ ಹಿತ್ತಿಲಿನ ಬೇಲಿಯವರೆಗೂ ಇಳಿದಿದೆ. ಮಳೆ ಚೆನ್ನಾಗಿದ್ದ ವರ್ಷಗಳಲ್ಲಿ ಒಂದು ಸಲವೂ ಇಳಿದಿಲ್ಲ. ಅದೇ ಕೆಟ್ಟ ವರ್ಷಗಳಲ್ಲಿ ಹುಚ್ಚೆಳ್ಳು ಸರಿಯಾಗಿ ಹೂ ಕಟ್ಟದೆ ಅಕ್ಕ ಜೇನಿಗೆ ಪಾಕ ಇಟ್ಟ ದಿನಗಳೂ ಹೆಚ್ಚು. ಒಬ್ಬರ ಪುಸ್ತಕವನ್ನು ಮಾತ್ರ ಓದಿದರೆ ಇದು ಕಾಣುತ್ತಿರಲಿಲ್ಲ.

ಹೊತ್ತು ಕಳೆಯುವುದು ಹೇಗೆಂದು ಕೇಳುವ ನಮ್ಮ ನೆಂಟರು ಈ ಜಗಲಿಯಲ್ಲಿ ಒಂದು ಮಧ್ಯಾಹ್ನ ಕೂರಬೇಕು. ಇವರ ಹವ್ಯಾಸಗಳು ಬೇಸರ ನೀಗಲು ಹಿಡಿದವಲ್ಲ. ಮಳೆ, ಹಕ್ಕಿ, ಜೇನು, ಮರಗೆಲಸ ನಾಲ್ಕೂ ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಅಕ್ಕನಿಗೆ ಬೇಕಾದ ಪೆಟ್ಟಿಗೆಯಿಂದ ಭಾವನವರ ಮರಗೆಲಸ ಹುಟ್ಟಿತು. ಭಾವನವರ ಹಕ್ಕಿಯ ಲೆಕ್ಕಕ್ಕೆ ಅರ್ಥ ಬಂದದ್ದು ಅಕ್ಕನ ಮಳೆಯ ಲೆಕ್ಕದಿಂದ. ಬೆಟ್ಟದ ಬುಡದಲ್ಲಿ ಮನೆ ಮಾಡಿದ ಮಾತ್ರಕ್ಕೆ ಬೆಟ್ಟ ಪರಿಚಯವಾಗುವುದಿಲ್ಲ, ದಿನವೂ ಅದರ ಯಾವುದಾದರೂ ಒಂದನ್ನು ನೋಡಿ ಬರೆಯುವವರಿಗೆ ಆಗುತ್ತದೆ ಎಂದು ನನಗೆ ತೋರಿತು.

ಸೋಮವಾರ

ಒಕ್ಕಣೆಯ ದಿನ. ಮೂರು ದಿನ ಮೊದಲೇ ಕಣ ಕೆತ್ತಿ, ನೀರು ಚಿಮುಕಿಸಿ ಗಟ್ಟಿ ಮಾಡಿ, ಸಗಣಿಯಲ್ಲಿ ಸಾರಿಸಿದ್ದರು. ಈಚೆಗೆ ರಾಗಿ ತೆನೆಯನ್ನು ಡಾಂಬರು ರಸ್ತೆಗೆ ಹಾಸಿ ವಾಹನಗಳಿಂದ ತುಳಿಸುವುದು ನಮ್ಮ ಜಿಲ್ಲೆಗಳಲ್ಲೆಲ್ಲ ಸಾಮಾನ್ಯವಾಗಿದೆ. ಬೈಕು ಜಾರಿ ಬೀಳುವ ಅಪಾಯವೂ ರಾಗಿಗೆ ಕಲ್ಲು ಸೇರುವ ತೊಂದರೆಯೂ ಅದರಲ್ಲಿವೆ. ಇವರು ಊರಿನ ಒಬ್ಬರ ಜೋಡಿ ಎತ್ತುಗಳನ್ನು ಕರೆಸಿ ರೋಣಗಲ್ಲು, ಎಂದರೆ ಒಕ್ಕುವ ಉರುಳುಗಲ್ಲು, ಕಟ್ಟಿಸುತ್ತಾರೆ. ಹೊಲದ ಕಡೆಯಿಂದ ಮೆದೆ ಬಿಚ್ಚಿ ತೆನೆಹುಲ್ಲನ್ನು ಕಣದ ತುಂಬ ಹರವಿದರು. ಕಲ್ಲು ಸುತ್ತು ಹೊಡೆದಂತೆಲ್ಲ ಹುಲ್ಲು ತಗ್ಗಿ, ಕಾಳು ಕೆಳಗೆ ಉದುರಿತು.

ಮೆದೆ ಬಿಚ್ಚುವ ಮೊದಲು ಅಕ್ಕನ ಇನ್ನೊಂದು ಕೆಲಸವಿತ್ತು. ಕೊಯ್ಲಿನ ಕಾಲದಲ್ಲೇ ಆರಿಸಿ, ಬೇರೆ ಕಟ್ಟಿ ಇಟ್ಟಿದ್ದ ಬೀಜದ ತೆನೆಗಳನ್ನು ಅವಳು ಕಲ್ಲಿಗೆ ಹಾಕಲಿಲ್ಲ. ಬೆರಳುಗಳೆಲ್ಲ ಒಳಕ್ಕೆ ಮಡಿಸಿದ ಮುಷ್ಟಿಯಂಥ ತುಂಬು ತೆನೆಗಳನ್ನು ಮೊರದಲ್ಲಿಟ್ಟು ಕೈಯಿಂದಲೇ ಉಜ್ಜಿ, ಕೇರಿ, ಬೂದಿ ಬೆರೆಸಿ, ಬೇವಿನ ಸೊಪ್ಪಿನೊಂದಿಗೆ ಮಡಕೆಗೆ ತುಂಬಿ ಬಾಯಿ ಕಟ್ಟಿದಳು. ಅಕ್ಕಡಿ ಬೀಜಗಳ ಮಡಕೆಗಳು ಅದರ ಪಕ್ಕದಲ್ಲಿದ್ದವು. ಎಂಟು ಹತ್ತು ಸಾಲು ರಾಗಿಗೆ ಒಂದು ಸಾಲು ಅಕ್ಕಡಿ ಇಟ್ಟು, ಅದರಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಹರಳನ್ನು ಸೇರಿಸಿ ಬಿತ್ತುವುದು ಈ ಸೀಮೆಯ ಹಳೆಯ ಕ್ರಮ. ಮಳೆ ಒಂದಕ್ಕೆ ತಪ್ಪಿದರೆ ಇನ್ನೊಂದು ಕೈ ಹಿಡಿಯುತ್ತದೆ. ಬರೀ ರಾಗಿ ಹಾಕಿದ ಹೊಲಗಳಲ್ಲಿ ಕಾರ್ತಿಕದ ವೇಳೆಗೆ ಜೇನಿಗೆ ಏನೂ ಸಿಗುವುದಿಲ್ಲ. ಅಕ್ಕನ ಹೊಲದಲ್ಲಿ ಆ ಹೊತ್ತಿಗೆ ಹುಚ್ಚೆಳ್ಳು ಹಳದಿಯಾಗಿ ಅರಳಿ ನಿಂತಿರುತ್ತದೆ. ಹುಚ್ಚೆಳ್ಳಿನ ಚಟ್ನಿಪುಡಿ ನಮ್ಮ ತಟ್ಟೆಗೂ ಬಂತು.

ಗಾಳಿ ಬಂದದ್ದು ಮಧ್ಯಾಹ್ನ ಮೂರರ ಮೇಲೆ. ಎತ್ತರದ ಮಣೆಯ ಮೇಲೆ ನಿಂತು ಭಾವನವರು ಮೊರದಿಂದ ತೂರಿದರು, ಹೊಟ್ಟು ಬಡಗಣ ಮೂಲೆಗೆ ಹಾರಿ ಕಾಳು ನೇರ ಕೆಳಗೆ ಬಿದ್ದಿತು. ಎತ್ತಿನವರ ಕೂಲಿ, ಗುಡಿಯ ಪಾಲು, ಹಕ್ಕಿಗೆಂದು ಕಣದ ಅಂಚಿನಲ್ಲಿ ಬಿಟ್ಟದ್ದು ಕಳೆದು, ಉಳಿದದ್ದನ್ನು ಚೀಲಕ್ಕೆ ತುಂಬುವ ಮುನ್ನ ರಾಶಿಗೆ ಪೂಜೆ ಮಾಡಿದರು. ಇಬ್ಬರಿಗೂ ವರ್ಷದ ಮುದ್ದೆಗೆ ಸಾಕಾಗಿ, ಮಕ್ಕಳ ಮನೆಗಳಿಗೆ ಕಳಿಸುವಷ್ಟು ಇದೆ. ನಾನು ಮೊರದಲ್ಲಿ ಕೇರುವುದಕ್ಕೆ ಕುಳಿತು, ರಾತ್ರಿ ಭುಜ ಎತ್ತಲಾಗದಷ್ಟು ದಣಿದೆ. ಅಕ್ಕ ಬಿಸಿನೀರು ಕಾಯಿಸಿಕೊಟ್ಟಳು.

ಮಂಗಳವಾರ

ಎಂಟೂವರೆಗೆ ಅಕ್ಕನ ಜೊತೆ ಅಂಗಳಕ್ಕೆ ಹೋಗಿ ಮಾಪಕ ನೋಡಿದೆ. ಆಲಿಕೆಯ ಒಳಮೈಯಲ್ಲಿ ಇಬ್ಬನಿ ಕಟ್ಟಿತ್ತು. ಇಬ್ಬನಿ ಮಳೆಯಲ್ಲವೆಂದು ಅಕ್ಕ ಸೊನ್ನೆ ಬರೆದಳು, ಷರಾದಲ್ಲಿ ‘ಮಂಜು ದಟ್ಟ’ ಎಂದು ಸೇರಿಸಿದಳು.

ತುಮಕೂರಿನ ಕಡೆಯಿಂದ ಹಿಂದಿರುಗೋಣವೆಂದು ಭಾವನವರು ನಾಮದ ಚಿಲುಮೆಯವರೆಗೆ ಜೊತೆಗೆ ಬಂದರು. ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ರಾಮ ಬಾಣ ಬಿಟ್ಟಾಗ ಬಂಡೆಯಿಂದ ಚಿಮ್ಮಿದ್ದೆಂದು ಹೇಳುವ ಈ ಚಿಲುಮೆಯ ಪಕ್ಕದ ಅರಣ್ಯ ಇಲಾಖೆಯ ಅತಿಥಿಗೃಹದಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯ ಕಾಲದಲ್ಲಿ ತಂಗಿದ್ದರು. ಆ ಕಟ್ಟಡವನ್ನು ತೋರಿಸುವಾಗ ಭಾವನವರ ಮುಖ ಗುಡಿಯ ಮುಂದೆ ನಿಂತವರ ಮುಖದಂತಿತ್ತು.

“ನಿಮ್ಮ ನಂದಿಯಲ್ಲೂ ಹಳದಿ ಕೊರಳು ಇದೆಯಲ್ಲಮ್ಮಾ. ಶುಕ್ರವಾರ ನಾನು ಇಲ್ಲಿ ಎಣಿಸುವ ಹೊತ್ತಿಗೆ ನೀನು ಅಲ್ಲಿ ಎಣಿಸಿ ಕಳಿಸು. ಎರಡು ಬೆಟ್ಟದ ಲೆಕ್ಕ ಒಟ್ಟಿಗೆ ಇಟ್ಟು ನೋಡೋಣ,” ಎಂದರು.

ಒಪ್ಪಿದೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬೆಂಗಳೂರಿನ ಬಸ್ಸು ಹಿಡಿದೆವು. ಸುಲ್ತಾನಪೇಟೆಯ ಕಡೆಯಿಂದ ನಂದಿಗೆ ಹತ್ತುವ ಮೆಟ್ಟಿಲು ದಾರಿಯಲ್ಲಿ, ಬರುವ ಶುಕ್ರವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಎಣಿಕೆ ಶುರುಮಾಡುವುದೆಂದು ನಿಶ್ಚಯಿಸಿದ್ದೇನೆ. ಹೊಂಗೆ ಅರಳಿ ತುಪ್ಪ ತೆಗೆಯುವ ಹೊತ್ತಿಗೆ ಮತ್ತೆ ಬರಬೇಕೆಂದೂ, ಬರುವಾಗ ತೊಳೆದು ಒಣಗಿಸಿದ ಗಾಜಿನ ಬಾಟಲಿಗಳನ್ನು ತರಬೇಕೆಂದೂ ಅಕ್ಕ ಹೇಳಿ ಕಳಿಸಿದ್ದಾಳೆ.